ಪರಮೇಶ್ವರಪ್ಪ ಬಳ್ಳಿ ಇಳಿಸಿದ್ದು

ಸವಣೂರಿನ ಬಸ್ ಸ್ಟ್ಯಾಂಡಿನಲ್ಲಿ ಕಂಟ್ರೋಲರ್ ಆಗಿದ್ದು ನಿವೃತ್ತರಾದ ಪರಮೇಶ್ವರಪ್ಪನವರಿಗೆ ನೌಕರಿಯಿಂದ ಪಿಂಚಣಿಯ ಜೊತೆ ಒಂದು ಅಭ್ಯಾಸವೂ ಬಂದಿತ್ತು. ಅವರು ಯಾವ ಸುದ್ದಿಯನ್ನೂ ಹೇಳುತ್ತಿರಲಿಲ್ಲ, ಸಾರುತ್ತಿದ್ದರು. ಚಹಾದಂಗಡಿಯಲ್ಲಿ ಸಕ್ಕರೆ ಕಡಿಮೆ ಹಾಕು ಅನ್ನುವುದನ್ನೂ ಹಾನಗಲ್ಲಿಗೆ ಬಸ್ಸು ಬಿಡುವವರಂತೆ ದನಿಯೆತ್ತಿಯೇ ಹೇಳುವರು. ಊರವರಿಗೂ ಅಷ್ಟೇ ಹಳೆಯ ಅಭ್ಯಾಸವೊಂದಿತ್ತು. ಅವರು ಮೈಕಿನಲ್ಲಿ ಏನು ಕೂಗಿದರೂ ಯಾರೂ ಕಿವಿಗೊಡದೆ ನೆಟ್ಟಗೆ ಬಸ್ಸಿನ ಬೋರ್ಡು ನೋಡುತ್ತಿದ್ದರು. ಕೇಳುವುದು ಬಿಟ್ಟು ನೋಡುವುದು. ಈ ಕಥೆಯಲ್ಲಿ ನಡೆದ ಎಲ್ಲ ಗೊಂದಲಕ್ಕೂ ಈ ಎರಡು ಅಭ್ಯಾಸಗಳೇ ತಾಯಿ ತಂದೆ.

ಅವರ ಹಿತ್ತಲಲ್ಲಿ ಒಂದು ನುಗ್ಗೆಮರವಿತ್ತು, ಅದಕ್ಕೆ ಒಂದು ಎಲೆಬಳ್ಳಿ, ಅಂದರೆ ವೀಳ್ಯದೆಲೆಯ ಬಳ್ಳಿ, ಹಬ್ಬಿತ್ತು. ಮರ ಪರಮೇಶ್ವರಪ್ಪನವರದು, ಬಳ್ಳಿ ಅವರ ಅತ್ತೆ ವೀರವ್ವನದು. ಹತ್ತಿಮತ್ತೂರಿನಲ್ಲಿ ವೀರವ್ವನ ಗಂಡ ಎಲೆತೋಟ ಮಾಡಿದ್ದ. ಅವನು ಹೋದ ಮೇಲೆ ತೋಟವೂ ಹೋಯಿತು. ಆಗ ಅವಳು ಒಂದೇ ಒಂದು ಕುಡಿಯನ್ನು ಒದ್ದೆ ಅರಿವೆಯಲ್ಲಿ ಸುತ್ತಿಕೊಂಡು ಸವಣೂರಿಗೆ, ಮಗಳು ಶೈಲಶ್ರೀಯ ಮನೆಗೆ ಬಂದಳು. ಊಟವಾದ ಮೇಲೆ ಆ ಬಳ್ಳಿಯ ಎಲೆ ಬಾಯಿಗೆ ಬಿದ್ದರೇ ಅವಳಿಗೆ ಉಂಡಂತೆ. ಇಡೀ ಸವಣೂರೇ ಎಲೆಯ ಊರಾದರೂ ಪೇಟೆಯ ಎಲೆ ಅವಳು ಮುಟ್ಟಿದವಳಲ್ಲ.

ಎಲೆಬಳ್ಳಿಗೆ ಒಂದು ಕ್ರಮವಿದೆ. ಚಳಿ ಹಿಂದೆ ಸರಿದು ಬಿಸಿಲು ಚುರುಕಾಗುವ ಮೊದಲು ಬಳ್ಳಿಯನ್ನು ಮರದಿಂದ ಬಿಡಿಸಿ, ಕೆಳಗಿಳಿಸಿ, ಅದರ ಬೋಳು ಮೈಯನ್ನು ಗೊಬ್ಬರ ಮತ್ತು ಕೆರೆಮಣ್ಣಿನಲ್ಲಿ ಮಲಗಿಸಬೇಕು. ಇದಕ್ಕೆ ಬಳ್ಳಿ ಇಳಿಸುವುದು ಎನ್ನುತ್ತಾರೆ. ಇಳಿಸದೆ ಬಿಟ್ಟರೆ ಬಳ್ಳಿ ಮುಪ್ಪಾಗಿ ಸೊರಗುತ್ತದೆ. ಸರಿಯಾಗಿ ಇಳಿಸಿದರೆ ಯುಗಾದಿಯ ಹೊತ್ತಿಗೆ ಹೊಸ ಚಿಗುರು. ಪ್ರತಿ ವರ್ಷ ಇದನ್ನು ವೀರವ್ವನೇ ಮಾಡುತ್ತಿದ್ದಳು. ಅಳಿಯನನ್ನು ಹತ್ತಿರ ಬಿಡುತ್ತಿರಲಿಲ್ಲ. ಅದಕ್ಕೆ ಕಾರಣವೂ ಇತ್ತೆನ್ನಿ. ಅವರು ಬಿತ್ತಿದ ಮೆಂತ್ಯ ಹುಟ್ಟಿರಲಿಲ್ಲ, ಅವರು ಕಿತ್ತ ಕಸ ಮಾತ್ರ ಮತ್ತೆ ಮತ್ತೆ ಹುಟ್ಟುತ್ತಿತ್ತು.

ಈ ವರ್ಷ ಶಿವರಾತ್ರಿ ಹತ್ತಿರ ಬಂದಾಗ ಹಿರೇಬೆಂಡಿಗೇರಿಯಿಂದ ಫೋನು ಬಂತು. ಅಲ್ಲಿ ವೀರವ್ವನ ಹಿರಿಮಗಳ ಮನೆ. ಮೊಮ್ಮಗಳು ಶ್ವೇತಾಳಿಗೆ ಹೇಳಿದ ದಿನಕ್ಕಿಂತ ಮೊದಲೇ ಹೆರಿಗೆಯಾಗಿತ್ತು. ವೀರವ್ವ, ಶೈಲಶ್ರೀ ಇಬ್ಬರೂ ಓಣಿ ಏಳುವ ಮೊದಲೇ ಮೊದಲ ಬಸ್ಸಿಗೆ ಹೊರಟರು. ಹೊಸ್ತಿಲು ದಾಟಿದ ವೀರವ್ವ ತಿರುಗಿ ನಿಂತಳು.

"ಅಳಿಯಾರ, ಬಿಸಿಲು ನನ್ನ ಸಲುವಾಗಿ ಕಾಯಂಗಿಲ್ಲ. ಹಜರತಅಲಿನ್ನ ಕೇಳಿ ಬಳ್ಳಿ ಇಳಸ್ರಿ. ಅದು ನಿಮ್ಮ ಮಾವನ ಕೈಲೆ ಹಚ್ಚಿದ್ದು, ಮತ್ತ ಹುಟ್ಟೂದಲ್ಲ. ಅದೇನರ ಹೋತು ಅಂದ್ರ ನಾ ತಿರುಗಿ ಈ ಮನಿಗೆ ಬರಂಗಿಲ್ಲ."

"ಅತ್ತಿ, ನೀವು ನಿಶ್ಚಿಂತಿಲೆ ಹೋಗ್ರಿ. ನಾ ಇಲ್ಲೇ ಅದೇನಲ್ಲ," ಎಂದರು ಪರಮೇಶ್ವರಪ್ಪನವರು.

"ನೀವು ಅದೀರಿ ಅಂತನ ನನಗ ಚಿಂತಿ," ಎಂದು ಅವಳು ನಡೆದಳು.

ಮಾತು ಚುಚ್ಚಿತು. ಇಷ್ಟು ವರ್ಷ ಒಂದೇ ಮನೆಯಲ್ಲಿ ಉಂಡಿದ್ದರೂ ಈ ಮುದುಕಿಯ ಬಾಯಿಂದ ಒಂದು ಸಲ 'ಭೇಷ್' ಅನ್ನಿಸಿಕೊಳ್ಳಬೇಕೆಂಬ ಆಸೆ ಅವರಿಗೆ ತೀರಿರಲಿಲ್ಲ. ಅದನ್ನು ಅವರು ಯಾರಿಗೂ ಸಾರಿರಲಿಲ್ಲ. ಅವರು ಸಾರದೆ ಇಟ್ಟುಕೊಂಡ ಸುದ್ದಿ ಜೀವನದಲ್ಲಿ ಅದೊಂದೇ ಇರಬೇಕು.

ಅಂದೇ ಅವರು ಹಜರತಅಲಿಯ ಎಲೆತೋಟಕ್ಕೆ ಹೋದರು. ತೋಟದ ಬಾಗಿಲಲ್ಲಿ ಚಪ್ಪಲಿ ಬಿಟ್ಟರು. ಎಲೆಬಳ್ಳಿಯ ಹತ್ತಿರ ಚಪ್ಪಲಿ ಮೆಟ್ಟಿ ಹೋಗುವಂತಿಲ್ಲ, ಅದು ಹಿಂದೂ ಮುಸಲ್ಮಾನ ಎಲ್ಲರೂ ಪಾಲಿಸುವ ನೇಮ. ಹಜರತಅಲಿ ಒಂದು ಬಳ್ಳಿ ಹಿಡಿದು ತೋರಿಸತೊಡಗಿದ. ಮರೆತರೆ ಕಷ್ಟವೆಂದು ಪರಮೇಶ್ವರಪ್ಪನವರು ಮೊಬೈಲಿನಲ್ಲಿ ವಿಡಿಯೋ ಹಿಡಿದರು, ಹಿಡಿಯುತ್ತಿದ್ದೇನೆಂಬ ಧೈರ್ಯದಲ್ಲಿ ನೋಡುವುದನ್ನೂ ಕೇಳುವುದನ್ನೂ ಬಿಟ್ಟರು.

ಮನೆಗೆ ಬಂದು ವಿಡಿಯೋ ಹಾಕಿದರೆ ಅದರ ತುಂಬ ಅವರದೇ ಮುಖ. ಕ್ಯಾಮೆರಾ ತಮ್ಮ ಕಡೆ ತಿರುಗಿದ್ದು ಅವರಿಗೆ ತಿಳಿದಿರಲಿಲ್ಲ. ಮುಖ ಗಂಭೀರವಾಗಿ ತಲೆಯಾಡಿಸುತ್ತಿತ್ತು. ಹಿಂದೆಲ್ಲೋ ಹಜರತಅಲಿಯ ದನಿ: "ಹಿಂಗ ಹಿಡೀರಿ, ಹಿಂಗ ಮಲಗಿಸ್ರಿ, ಇಲ್ಲೀತನಕ ಮಣ್ಣ ಕೊಡ್ರಿ. ಇಲ್ಲೀತನಕ ನೋಡ್ರಿ, ಮರೀಬ್ಯಾಡ್ರಿ ಮತ್ತ."

ಎಲ್ಲೀತನಕ? ವಿಡಿಯೋವನ್ನು ಎಷ್ಟು ಸಲ ಹಾಕಿದರೂ ತಮ್ಮ ಮೂಗು ಬಿಟ್ಟರೆ ಬೇರೇನೂ ಕಾಣಲಿಲ್ಲ. ಮತ್ತೆ ಹೋಗಿ ಕೇಳಿದರೆ ಮರ್ಯಾದೆ ಹೋಗುತ್ತದೆ. ಕೊನೆಗೆ ಕಂಟ್ರೋಲರ್ ಬುದ್ಧಿಯಿಂದ ಯೋಚಿಸಿದರು. ಬಸ್ಸು ಹೊರಟ ಮೇಲೆ ಕೊನೆಯ ಸ್ಟಾಪಿನ ತನಕ ಹೋಗಲೇಬೇಕು. ಅಂದ ಮೇಲೆ ಮಣ್ಣೂ ಕೊನೆಯ ತನಕ.

ಮರುದಿನ ಬೆಳಿಗ್ಗೆ ಬರಿಗಾಲಲ್ಲಿ, ತಲೆಗೆ ಟವೆಲ್ ಸುತ್ತಿಕೊಂಡು, ನುಗ್ಗೆಮರದ ಬುಡದಿಂದ ಆಳುದ್ದದ ಗುಂಡಿ ತೋಡಿದರು. ಬಳ್ಳಿಯನ್ನು ಬಿಡಿಸಿ ಅದರಲ್ಲಿ ಉದ್ದಕ್ಕೆ ಮಲಗಿಸಿದರು. ಗೊಬ್ಬರ, ಕೆರೆಮಣ್ಣು ಹಾಕಿ ದಿಬ್ಬ ಮಾಡಿ ನೀರು ಹನಿಸಿದರು. ಪೂಜೆ ಮಾಡದೆ ಬಳ್ಳಿ ಇಳಿಸಬಾರದೆಂದು ಚೆಂಡು ಹೂ ಇಟ್ಟು, ಊದಿನಕಡ್ಡಿ ಹಚ್ಚಿ, ಕಾಯಿ ಒಡೆದರು. ಬಿಸಿಲು ತಾಗಬಾರದೆಂದು ಮನೆಯೊಳಗೆ ಹುಡುಕಿ, ವೀರವ್ವನ ಹಳೆಯ ಇಳಕಲ್ ಸೀರೆಯನ್ನು ನೀರಲ್ಲಿ ಅದ್ದಿ ದಿಬ್ಬದ ಮೇಲೆ ಹೊದಿಸಿದರು. ಕೆಂಪು ಸೆರಗಿನ ಆ ಸೀರೆ ಓಣಿಗೆಲ್ಲ ಪರಿಚಿತ. ಅವಳು ಸಂತೆಗೆ ಹೊರಟರೆ ಜನ ಮೊದಲು ಆ ಸೆರಗು ನೋಡಿ, ಆಮೇಲೆ ವೀರವ್ವ ಬಂದಳೆಂದು ಅನ್ನುತ್ತಿದ್ದರು.

ಕೆಲಸ ಚೆಂದವಾಗಿ ಕಂಡಿತು. ಪರಮೇಶ್ವರಪ್ಪನವರು ಫೋಟೋ ತೆಗೆದು, ಕೆಳಗೆ ಕೈಮುಗಿಯುವ ಚಿತ್ರ ಎರಡು ಹಾಕಿ, ಓಣಿಯ ವಾಟ್ಸಾಪ್ ಗುಂಪಿಗೆ ಬಿಟ್ಟರು. ಏನೂ ಬರೆಯಲಿಲ್ಲ. ಬರೆಯುವುದೇನಿದೆ? ಬಳ್ಳಿ ಇಳಿಸುತ್ತೇನೆಂದು ಹಿಂದಿನ ದಿನ ಚಹಾದಂಗಡಿ, ಹಿಟ್ಟಿನ ಗಿರಣಿ, ಕ್ಷೌರದಂಗಡಿ ಎಲ್ಲ ಕಡೆ ಸಾರಿದ್ದಾಗಿತ್ತು. ಯಾರೂ ಕೇಳಿಸಿಕೊಂಡಿರಲಿಲ್ಲವೆಂಬುದು ಅವರಿಗೆ ಹೇಗೆ ಗೊತ್ತಾಗಬೇಕು.

ಓಣಿ ಫೋಟೋ ನೋಡಿತು. ಆಳುದ್ದದ ದಿಬ್ಬ, ಹೂವು, ಊದಿನಕಡ್ಡಿ, ಮೇಲೆ ವೀರವ್ವನ ಸೀರೆ.

ಮೊದಲು ಬಂದವಳು ಪಕ್ಕದ ಮನೆಯ ಹಮೀದುನ್ನೀಸಾ, ವೀರವ್ವನ ಜೀವದ ಗೆಳತಿ. ಸೆರಗು ಬಾಯಿಗೆ ಒತ್ತಿಕೊಂಡು ಹಿತ್ತಲ ಬಾಗಿಲಲ್ಲಿ ನಿಂತಳು.

"ಚಪ್ಪಲಿ ಅಲ್ಲೇ ಬಿಡ್ರಿ," ಎಂದರು ಪರಮೇಶ್ವರಪ್ಪನವರು.

"ಬಿಟ್ಟೇನ್ರಿ ಅಣ್ಣಾರ. ಅಷ್ಟೂ ತಿಳಿಯಂಗಿಲ್ಲೇನು." ಅವಳು ದಿಬ್ಬ ನೋಡಿ ಗೊಳೋ ಎಂದು ಅತ್ತಳು. "ಮೊನ್ನಿ ಸಂಜಿನ್ಯಾಗ ಇಬ್ಬರೂ ಗ್ವಾಡಿಗೆ ನಿಂತು ಮಾತಾಡೇವ್ರಿ. ಇಷ್ಟ ಲಗೂ ಹಿಂಗ ಅಕ್ಕೈತಿ ಅಂತ ಅನಿಸಿದ್ದಿಲ್ಲ."

ಒಂದು ಬಳ್ಳಿಗೆ ಇಷ್ಟು ದುಃಖವೇ ಎಂದು ಪರಮೇಶ್ವರಪ್ಪನವರಿಗೆ ಆಶ್ಚರ್ಯವಾಯಿತು. ಆದರೂ ಅತ್ತೆಯ ಗೆಳತಿ, ಅತ್ತೆಯ ಬಳ್ಳಿ, ಇರಬಹುದು.

"ಲಗೂ ಏನಲ್ರಿ, ಹೊತ್ತಿಗೆ ಸರಿಯಾಗೇ ಆಗೈತಿ. ಇನ್ನೂ ತಡಾ ಮಾಡಿದ್ರ ಕೆಡತಿತ್ತು. ಅತ್ತಿಯವರಿಗೂ ಇದರದ ಚಿಂತಿ ಇತ್ತು. ಈಗ ನಿಶ್ಚಿಂತಿ."

"ಹೌದ್ರಿ, ಆಕಿಗೆ ಇನ್ನೇನ ಚಿಂತಿ." ಹಮೀದುನ್ನೀಸಾ ಕಣ್ಣೊರೆಸಿಕೊಂಡಳು. "ಶೈಲಶ್ರೀ ಎಲ್ಲದಾಳ್ರಿ?"

"ಹಿರೇಬೆಂಡಿಗೇರಿಗೆ ಬಾಣಂತನಕ್ಕ ಹೋಗ್ಯಾಳ."

"ಇಂಥಾದ್ರಾಗ?"

"ಇದಕ್ಕ ಆಕಿ ಯಾಕ ಬೇಕ್ರಿ? ನಾ ಒಬ್ಬನ ಮಾಡಿ ಮುಗಿಸೇನಿ. ಬೆಳಕ ಹರಿಯೂದ್ರಾಗ." ಅಭಿಮಾನದಿಂದ ಎದೆ ಉಬ್ಬಿತು. ಒಳಗೆ ಹೋಗಿ ತಾಟಿನಲ್ಲಿ ಕರಿದ ಖಾರ ಮತ್ತು ಬೂಂದಿ ತಂದರು. "ತಗೊಳ್ರಿ, ಬಾಯಿ ಸೀ ಮಾಡ್ಕೊಳ್ರಿ."

ಹಮೀದುನ್ನೀಸಾ ಬೂಂದಿ ನೋಡಿದಳು, ಅವರ ಮುಖ ನೋಡಿದಳು, ಬೂಂದಿ ಮುಟ್ಟದೆ ಹೊರಟುಹೋದಳು. ದುಃಖಕ್ಕೆ ಅಣ್ಣಾರ ತಲೆ ಕೆಟ್ಟಿದೆ, ಶೈಲಶ್ರೀಗೆ ಫೋನು ಹಚ್ಚಿರೆಂದು ಓಣಿಯಲ್ಲಿ ಯಾರೋ ಅಂದರು. ಇಂಥ ಸುದ್ದಿ ಫೋನಿನಲ್ಲಿ ಕೇಳುವುದು ಶೋಭೆಯಲ್ಲವೆಂದು ಹಿರಿಯರು ತಡೆದರು. ಸತ್ತ ಮನೆಯಲ್ಲಿ ಒಲೆ ಹೊತ್ತಿಸುವಂತಿಲ್ಲ, ನೆರೆಯವರು ಬುತ್ತಿ ಕೊಡಬೇಕು. ಸ್ವಲ್ಪ ಹೊತ್ತಿಗೆ ಒಂದು ಮನೆಯಿಂದ ರೊಟ್ಟಿ ಝುಣಕ ಬಂತು, ಇನ್ನೊಂದರಿಂದ ಅನ್ನ ಸಾರು, ಮತ್ತೊಂದರಿಂದ ಹೆಸರುಬೇಳೆ. ತಂದವರು ಮಾತಾಡದೆ ಇಟ್ಟು, ಚಪ್ಪಲಿ ಬಿಟ್ಟು ಹಿತ್ತಲಿಗೆ ಹೋಗಿ, ಕೈಮುಗಿದು ಹೋಗುತ್ತಿದ್ದರು. ಬಸ್ ಸ್ಟ್ಯಾಂಡಿನಲ್ಲಿ ಇಡೀ ಜೀವ ಸವೆಸಿದರೂ ಸಿಗದ ಮರ್ಯಾದೆ ಒಂದು ಬಳ್ಳಿಯಿಂದ ಸಿಕ್ಕಿತೆಂದು ಪರಮೇಶ್ವರಪ್ಪನವರ ಕಣ್ಣು ತೇವವಾಯಿತು. ಆ ತೇವ ಕಂಡು ಬಂದವರೂ ಅತ್ತರು.

ಆಗ ಬಂದರು ಶಂಭುಲಿಂಗ ಕಾಕಾ. ಓಣಿಯಲ್ಲಿ ಯಾರೇ ಹೋಗಲಿ, ಗುಂಡಿ ತೋಡಿಸುವುದರಿಂದ ವಿಭೂತಿ ಹಚ್ಚಿ ಕೂಡಿಸುವ ತನಕ ಎಲ್ಲ ಅವರದೇ ಉಸ್ತುವಾರಿ. ಲಿಂಗಾಯತರು ಸತ್ತವರನ್ನು ಮಲಗಿಸುವುದಿಲ್ಲ, ಕೂಡಿಸಿ ಮಣ್ಣು ಕೊಡುತ್ತಾರೆ. ಆ ಕೆಲಸಕ್ಕೆ ತಮ್ಮನ್ನು ಕರೆಯದೆ ಇದ್ದದ್ದು ಕಾಕಾರ ಕಣ್ಣು ಕೆಂಪಾಗಿಸಿತ್ತು. ಅವರು ದಿಬ್ಬವನ್ನು ಈ ತುದಿಯಿಂದ ಆ ತುದಿಗೆ ನೋಡಿದರು.

"ಪರಮೇಶ, ಕುಂದ್ರಸೀಯೋ ಮಲಗಿಸೀಯೋ?"

"ಮಲಗಿಸೇನ್ರಿ ಕಾಕಾ."

"ಯಾರ ಹೇಳಿದ್ರು ನಿನಗ ಮಲಗಿಸು ಅಂತ?"

"ಹಜರತಅಲಿ ಹೇಳಿದ್ದರೀ."

ಕಾಕಾ ಗೋಡೆಗೆ ಕೈಕೊಟ್ಟು ನಿಂತರು. "ನಮ್ಮ ಮನಿ ಕೆಲಸಕ್ಕ ಹಜರತಅಲಿನ್ನ ಯಾಕ ಕೇಳಿದ್ಯೋ?"

"ಊರಾಗ ಇದರಾಗ ಅವನ ಬಿಟ್ರ ಯಾರದಾರ್ರಿ? ಅಜ್ಜನ ಕಾಲದಿಂದ ಇದ ಕಸಬು. ವರ್ಷಕ್ಕ ಸಾವಿರಗಟ್ಟಲೆ ಮಲಗಸ್ತಾನ."

"ಸಾವಿರಗಟ್ಟಲೆ," ಎಂದರು ಕಾಕಾ, ಬಹಳ ಮೆಲ್ಲಗೆ.

"ಕೆಲವ್ರು ಸುರುಳಿ ಸುತ್ತಿ ಇಡತಾರಂತ. ನನಗ ಜಾಗಾ ಇತ್ತು, ಉದ್ದಕ ಚಾಚಿದೆ. ನಡಬರಕ ಗೊಬ್ಬರ ಹಾಕೇನ್ರಿ, ಛಲೋ ಕೊಳತದ್ದು."

ಕಾಕಾ ಅಲ್ಲೇ ಕಟ್ಟೆಯ ಮೇಲೆ ಕುಸಿದರು. ಯಾರೋ ನೀರು ಕೊಟ್ಟರು. ಪರಮೇಶ್ವರಪ್ಪನವರು ಮುದುಕರಿಗೆ ಬಿಸಿಲು ತಾಗಿತೆಂದು ತಿಳಿದು ಗಾಳಿ ಹಾಕಿದರು. ಗೊಬ್ಬರದಲ್ಲಿ ಅಂಥ ತಪ್ಪೇನಿದೆ ಎಂಬುದು ಅವರಿಗೆ ಹೊಳೆಯಲೇ ಇಲ್ಲ. ಹೆಚ್ಚಾಯಿತೇ? ಕಡಿಮೆಯಾಯಿತೇ?

ಇತ್ತ ಸುದ್ದಿ ಹತ್ತಿಮತ್ತೂರಿಗೆ ಮುಟ್ಟಿ, ಅಲ್ಲಿಯ ಬೀಗರೊಬ್ಬರಿಗೆ ಓಣಿಯ ಹಿರಿಯರ ಶೋಭೆಯ ನೇಮ ಗೊತ್ತಿಲ್ಲದ್ದರಿಂದ, ಅವರು ಅಳುತ್ತ ಹಿರೇಬೆಂಡಿಗೇರಿಗೆ ಫೋನು ಹಚ್ಚಿದರು. ಶೈಲಶ್ರೀ ಕೂಸಿಗೆ ನೀರು ಎರೆಯುತ್ತಿದ್ದಳು. ಫೋನು ಎತ್ತಿದವಳು ವೀರವ್ವ.

"ಯಾವಾಗ ಹೋದ್ರವ್ವ?" ಎಂದಿತು ಫೋನು.

"ಯಾರು?"

"ವೀರವ್ವತ್ತಿ."

"ಯಾವ ವೀರವ್ವ?"

"ಸವಣೂರ ಪರಮೇಶಣ್ಣನ ಅತ್ತಿ. ಹಿತ್ತಲದಾಗ ಮಣ್ಣ ಕೊಟ್ಟಾರಂತ. ಫೋಟೋ ಬಂದೈತಿ, ಸೀರಿ ಹೊದಿಸ್ಯಾರ."

"ಯಾವ ಸೀರಿ?" ಎಂದು ಕೇಳಿದಳು ವೀರವ್ವ.

"ಕೆಂಪ ಸೆರಗಿನ ಇಳಕಲ್."

"ಅದನ್ನ ನಾ ಯುಗಾದಿಗೆ ಉಡಬೇಕಂತ ಇಟ್ಟಿದ್ದೆ," ಎಂದು ವೀರವ್ವ ಫೋನು ಇಟ್ಟು, ಚಪ್ಪಲಿ ಮೆಟ್ಟಿ, ಬಸ್ಸಿಗೆ ನಡೆದಳು.

ಸವಣೂರಿನಲ್ಲಿ ಹೊತ್ತು ಏರಿತ್ತು. ಊರ ನಡುವೆ ಹೆಣ ಹುಗಿದಿದ್ದಾರೆಂಬ ಸುದ್ದಿಗೆ ಹವಾಲ್ದಾರ ಹುಲಗೇಶ ಬಂದಿದ್ದ. ಅವನೂ ಬಾಗಿಲಲ್ಲಿ ಬೂಟು ಬಿಚ್ಚಬೇಕಾಯಿತು. ಕಾಲುಚೀಲದ ಹೆಬ್ಬೆರಳಲ್ಲಿ ತೂತಿತ್ತು. ಅದು ಜನರಿಗೆ ಕಾಣದಂತೆ ಒಂದು ಕಾಲಿನ ಮೇಲೆ ಇನ್ನೊಂದು ಕಾಲಿಟ್ಟು ನಿಂತೇ ಅವನು ವಿಚಾರಣೆ ನಡೆಸಿದ.

"ಪರವಾನಗಿ ತಗೊಂಡೀರೇನು?"

"ಇದಕ್ಕೂ ಪರವಾನಗಿ ಬೇಕೇನ್ರಿ? ನಮ್ಮ ಹಿತ್ತಲ, ನಮ್ಮ ಮಣ್ಣು."

"ನಿಮ್ಮ ಹಿತ್ತಲಾದ್ರ ಏನಾತು? ಡಾಕ್ಟರಿಗೆ ತೋರಿಸಿದ್ರೇನು ಮೊದಲ?"

"ಎಲಿಗೆ ಸ್ವಲ್ಪ ಹಳದಿ ಚುಕ್ಕಿ ಬಿದ್ದಿತ್ತು. ಅದಕ್ಯಾಕ ಡಾಕ್ಟರು?"

ಹುಲಗೇಶನಿಗೆ ಏನೂ ತಿಳಿಯಲಿಲ್ಲ, ಆದರೆ ತಿಳಿಯಲಿಲ್ಲವೆಂದು ಖಾಕಿ ಹಾಕಿದವನು ಹೇಳುವಂತಿಲ್ಲ. "ತಗೀರಿ ಇದನ್ನ," ಎಂದ. ಶಂಭುಲಿಂಗ ಕಾಕಾರಿಗೆ ಜೀವ ಬಂತು. "ಹೌದು, ತಗೀರಿ. ನಾ ಸರಿಯಾಗಿ ಕುಂದ್ರಸ್ತೇನಿ," ಎಂದು ಎದ್ದು ಧೋತರ ಕಟ್ಟಿದರು. ಯಾರೋ ಸಲಿಕೆ ತಂದರು.

ಸಲಿಕೆ ಕಂಡದ್ದೇ ಪರಮೇಶ್ವರಪ್ಪನವರು ಇಷ್ಟು ಹೊತ್ತಿನ ಮರ್ಯಾದೆ, ಬುತ್ತಿ, ಕೈಮುಗಿತ ಎಲ್ಲ ಮರೆತು ಹಾರಿ ದಿಬ್ಬದ ಪಕ್ಕ ಬೋರಲು ಬಿದ್ದು ಎರಡೂ ಕೈಯಲ್ಲಿ ತಬ್ಬಿಕೊಂಡರು.

"ಮುಟ್ಟಬ್ಯಾಡ್ರಿ, ನಿಮ್ಮ ಕಾಲಿಗೆ ಬೀಳತೇನಿ. ಈಗ ತಗದ್ರ ಸತ್ತ ಹೋಗ್ತೈತಿ."

ಸಲಿಕೆ ತಂದವನು ಅದನ್ನು ಕೆಳಗಿಟ್ಟ.

"ಅಂದ್ರ," ಎಂದ ಹುಲಗೇಶ, ತೂತಿನ ಕಾಲುಚೀಲವನ್ನೂ ಮರೆತು ಎರಡೂ ಕಾಲ ಮೇಲೆ ನಿಂತು, "ಇನ್ನೂ ಸತ್ತಿಲ್ಲೇನು?"

"ಜೀವ ಐತ್ರಿ. ಜೀವಂತ ಇದ್ದಾಗನ ಮಣ್ಣಿಗಿಡಬೇಕು. ಸತ್ತ ಮ್ಯಾಲ ಇಟ್ರ ಏನ ಉಪಯೋಗ?"

ಹಮೀದುನ್ನೀಸಾ ಚೀರಿದಳು. ಹೆಂಗಸರು ಒಬ್ಬರ ಮೇಲೊಬ್ಬರು ಬಿದ್ದು ಬಾಗಿಲಿಗೆ ಓಡಿದರು. ಹುಲಗೇಶ ಸೊಂಟದ ಲಾಠಿಗೆ ಕೈ ಹಾಕಿದ. ಲಾಠಿ ಬೈಕಿನಲ್ಲಿತ್ತು. ಪರಮೇಶ್ವರಪ್ಪನವರು ಮಣ್ಣಿನಿಂದ ಮುಖವೆತ್ತಿ ಎಲ್ಲರನ್ನೂ ನೋಡಿದರು. ಒಂದು ಎಲೆಬಳ್ಳಿಗೆ ಪೊಲೀಸರೇಕೆ, ಸಲಿಕೆ ಏಕೆ, ಬೆಳಗಿನಿಂದ ಉಣ್ಣಲು ಕೊಟ್ಟ ಇದೇ ಜನ ಈಗ ತನ್ನನ್ನು ಕೊಲೆಗಾರನಂತೆ ನೋಡುವುದೇಕೆ, ಒಂದೂ ಅವರಿಗೆ ಅರ್ಥವಾಗಲಿಲ್ಲ. ಅವರಿಗೆ ಅಳು ಬಂತು, ಅತ್ತರು. "ಅತ್ತಿಗೆ ಮಾತ ಕೊಟ್ಟೇನ್ರಿ. ಇದು ಹೋತಂದ್ರ ಅವರು ತಿರುಗಿ ಈ ಮನಿಗೆ ಬರಂಗಿಲ್ಲ."

"ಹೆಂಗ ಬರತಾರೋ ಮಾರಾಯ," ಎಂದರು ಶಂಭುಲಿಂಗ ಕಾಕಾ.

"ಬಂದೇನಿ, ಹಾದಿ ಬಿಡ್ರಿ," ಎಂದಿತು ಬಾಗಿಲಿನಿಂದ ಒಂದು ದನಿ.

ಗುಂಪು ಎರಡು ಹೋಳಾಯಿತು. ಕಾಕಾರ ಬಾಯಲ್ಲಿ ಶಿವಮಂತ್ರ ಹೊರಟಿತು. ಹಮೀದುನ್ನೀಸಾ ಹತ್ತಿರ ಹೋಗಿ ಗೆಳತಿಯ ಕೈ ಗಟ್ಟಿಯಾಗಿ ಚಿವುಟಿದಳು. ವೀರವ್ವ, "ಯಾಕ, ಸತ್ತವರಿಗೆ ನೋವಾಗಂಗಿಲ್ಲ ಅಂತ ತಿಳದೀಯೇನು?" ಎಂದ ಮೇಲೆ ಅವಳನ್ನು ತಬ್ಬಿಕೊಂಡು, ಬೆಳಗಿನದಕ್ಕಿಂತ ಜೋರಾಗಿ ಅತ್ತಳು.

ವೀರವ್ವ ಚಪ್ಪಲಿ ಬಾಗಿಲಲ್ಲಿ ಬಿಟ್ಟಿದ್ದಳು. ಯಾರ ಕಡೆಗೂ ನೋಡದೆ ನುಗ್ಗೆಮರದ ಹತ್ತಿರ ಬಂದಳು. ಮರವನ್ನು ಬುಡದಿಂದ ತುದಿಯ ತನಕ ನೋಡಿದಳು. ಮರ ಬೋಳಾಗಿತ್ತು.

"ಅಳಿಯಾರ, ಕುಡಿ ಎಲ್ಲಿ?"

"ಯಾವ ಕುಡಿ ಅತ್ತಿ?"

"ಬಳ್ಳಿ ಕುಡಿ. ಮೈ ಮಣ್ಣಾಗ ಇಡೂದು, ಕುಡಿ ಹೊರಗ ಮರಕ್ಕ ಕಟ್ಟೂದು. ಕುಡಿ ಎಲ್ಲೈತಿ?"

ಆಗ ಪರಮೇಶ್ವರಪ್ಪನವರಿಗೆ 'ಇಲ್ಲೀತನಕ' ಅಂದರೆ ಎಲ್ಲೀತನಕ ಎಂಬುದು ತಿಳಿಯಿತು. ದಿಬ್ಬದ ಕೊನೆಯ ಕಡೆ ಬೆರಳು ತೋರಿಸಿದರು.

ವೀರವ್ವ ಸೀರೆ ಎತ್ತಿ ಬದಿಗಿಟ್ಟು, ಮೊಣಕಾಲೂರಿ, ಸಲಿಕೆ ಬೇಡವೆಂದು ಕೈಯಿಂದಲೇ ಮಣ್ಣು ಸರಿಸಿದಳು. ಹುಲಗೇಶ ಬಗ್ಗಿ ನೋಡಿದ. ಓಣಿಯೆಲ್ಲ ಬಗ್ಗಿ ನೋಡಿತು. ಮಣ್ಣಿನಡಿಯಿಂದ ಮೊದಲು ಒಂದು ಮುದುರಿದ ಎಲೆ, ಆಮೇಲೆ ಬಗ್ಗಿಹೋದ ಒಂದು ಕುಡಿ ಹೊರಬಂತು. ಅವಳು ಅದನ್ನು ಬೆರಳ ಮೇಲೆ ಇಟ್ಟುಕೊಂಡು ಊದಿ ಮಣ್ಣು ಹಾರಿಸಿದಳು, ಉಗುರಿನಿಂದ ತುಸು ಗೀರಿದಳು. ಒಳಗೆ ಹಸಿರಿತ್ತು.

"ಐತಿ," ಎಂದಳು. ಅವಳ ಕಣ್ಣಲ್ಲಿ ನೀರು ಬಂದದ್ದನ್ನು ಓಣಿಯವರು ನೋಡಿದ್ದು ಅದೇ ಮೊದಲು. "ನಾಳಿ ತನಕ ಇದ್ದಿದ್ರ ಕೊಳತ ಹೋಗತಿತ್ತು."

"ಬಳ್ಳಿ," ಎಂದ ಹುಲಗೇಶ.

"ಎಲಿಬಳ್ಳಿ," ಎಂದರು ಶಂಭುಲಿಂಗ ಕಾಕಾ, ಸ್ವಲ್ಪ ನಿರಾಶೆಯಿಂದ.

"ಮತ್ತ ಏನಂತ ತಿಳದಿದ್ರಿ? ನಿನ್ನಿಯಿಂದ ಎಲ್ಲಾರಿಗೂ ಇದನ್ನ ಹೇಳಾಕತ್ತೇನಲ್ಲ," ಎಂದರು ಪರಮೇಶ್ವರಪ್ಪನವರು. ಹಮೀದುನ್ನೀಸಾ ಮೊಬೈಲ್ ತೆಗೆದು ಫೋಟೋ ತೋರಿಸಿ, ಬೆಳಗಿನಿಂದ ಆದದ್ದನ್ನು ಗೆಳತಿಗೆ ಹೇಳಿದಳು. ಪರಮೇಶ್ವರಪ್ಪನವರು ಪಕ್ಕದಲ್ಲಿ ನಿಂತು ಕೇಳಿ, ಬುತ್ತಿ ಯಾಕೆ ಬಂದಿತ್ತೆಂದು ತಿಳಿದು, ಗೋಡೆಯ ಕಡೆ ಮುಖ ಮಾಡಿದರು.

ವೀರವ್ವ ಬಾಳೆನಾರಿನಿಂದ ಕುಡಿಯನ್ನು ನುಗ್ಗೆಮರಕ್ಕೆ ಸಡಿಲಾಗಿ ಕಟ್ಟಿ, ಕೈ ತೊಳೆದು ಕಟ್ಟೆಯ ಮೇಲೆ ಕುಳಿತಳು.

"ನಾ ಸತ್ತೇನಂತ ಸುದ್ದಿ ಹಬ್ಬಿದ್ದಕ್ಕ ಇದು ಬದುಕೈತಿ. ಸುದ್ದಿ ಬರದಿದ್ರ ನಾ ಬರತಿದ್ದಿಲ್ಲ, ಇವರು ಖರೇನ ಕೊಂದು ಕೈಮುಗಿದು ಕುಂದ್ರತಿದ್ರು." ಸುತ್ತ ನೋಡಿ, "ಬುತ್ತಿ ಎಲ್ಲೈತಿ? ತರ್ರಿ. ನನ್ನ ಹೆಸರಿಲೆ ಬಂದದ್ದು, ನಾ ಉಣ್ಣಬಾರದೇನು?"

ಎಲ್ಲರೂ ಉಂಡರು. ಹುಲಗೇಶ ಡ್ಯೂಟಿಯಲ್ಲಿದ್ದೇನೆ ಎನ್ನುತ್ತಲೇ ರೊಟ್ಟಿ ಎರಡನೇ ಸಲ ಹಾಕಿಸಿಕೊಂಡ. ಝುಣಕಕ್ಕೆ ಉಪ್ಪು ಕಡಿಮೆಯಾಗಿದೆ, ಸತ್ತವರಿಗೆ ಗೊತ್ತಾಗುವುದಿಲ್ಲವೆಂದು ಹಾಕಿಲ್ಲವೇನು ಎಂದು ವೀರವ್ವ ಕೇಳಿದಳು. ಅದನ್ನು ಮಾಡಿದವಳು ಅಂದಿನಿಂದ ಅವಳ ಕಣ್ಣಿಗೆ ಬೀಳದೆ ತಿರುಗುತ್ತಿದ್ದಾಳೆ.

ಯುಗಾದಿಯ ದಿನ ಬಳ್ಳಿಯಲ್ಲಿ ಹೊಸ ಎಲೆ ಬಂದಿತ್ತು. ಬೇವು ಬೆಲ್ಲ ಹಂಚಿ ಊಟವಾದ ಮೇಲೆ ವೀರವ್ವ, ಆ ಕೆಂಪು ಸೆರಗಿನ ಸೀರೆಯನ್ನೇ ಉಟ್ಟು, ಮೊದಲ ಎಲೆಯನ್ನು ಚಿವುಟಿದಳು. ಮೊದಲ ಎಲೆ ಯಾವಾಗಲೂ ಅವಳದೇ. ಅವಳು ಅದಕ್ಕೆ ಸುಣ್ಣ ಸವರಿ, ಅಡಿಕೆ ಇಟ್ಟು, ಮಡಚಿ, ಅಳಿಯನ ಮುಂದೆ ಹಿಡಿದಳು.

"ತಗೊಳ್ರಿ. ಗುಂಡಿ ಮಾತ್ರ ಭೇಷ್ ತೋಡಿದ್ರಿ."

ಪರಮೇಶ್ವರಪ್ಪನವರು ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡರು. ಎಲೆ ಬಾಯಿಗೆ ಹಾಕಿಕೊಳ್ಳಲೂ ಮನಸ್ಸಾಗದೆ, ಬಳ್ಳಿಯ ಫೋಟೋ ತೆಗೆದು, ಕೆಳಗೆ ಎರಡು ಕೈಮುಗಿತ ಹಾಕಿ, ಓಣಿಯ ಗುಂಪಿಗೆ ಬಿಟ್ಟರು. ಆ ಸಡಗರದಲ್ಲಿ ಈ ಸಲವೂ ಏನೂ ಬರೆಯಲಿಲ್ಲ. ಅರೆಗಳಿಗೆಯಲ್ಲಿ ಫೋನು ಬಂತು. ಆ ಕಡೆ ಶಂಭುಲಿಂಗ ಕಾಕಾ, ಈಗಾಗಲೇ ಚಪ್ಪಲಿ ಮೆಟ್ಟಿ ಹೊರಟವರಂತೆ ಏದುತ್ತಿದ್ದರು.

"ಪರಮೇಶ, ಮಣ್ಣ ಮುಚ್ಚಬ್ಯಾಡ, ತಡಿ. ಈ ಸಲ ಯಾರು? ಕುಂದ್ರಸೀಯೋ ಮಲಗಿಸೀಯೋ?"

ಎಲೆಯನ್ನು ಇನ್ನೂ ಕೈಯಲ್ಲೇ ಹಿಡಿದುಕೊಂಡು ಪರಮೇಶ್ವರಪ್ಪನವರು ಗೊಂದಲದಿಂದ ಅತ್ತೆಯ ಮುಖ ನೋಡಿದರು. ವೀರವ್ವ ಫೋನು ಇಸಿದುಕೊಂಡಳು.

"ಕುಂತೂ ಇಲ್ಲ, ಮಲಗೂ ಇಲ್ರಿ," ಎಂದಳು. "ಈ ಸಲ ನಿಂತೈತಿ."